ದಿಂಬಿನ ಬದಿಯ ಗೋಡೆ

ಬೀದರ
೧೫ ಶಹರೇವಾರ, ಫಸಲಿ ೧೩೨೯

ಪ್ರಿಯ ಕಾಶೀರಾಮ,

ಹಾಗಾದರೆ ‘ಸೈಜ್’ ಎಂದರೆ ಅಳತೆಯಲ್ಲ, ಗೋಡೆಗೆ ಮೊದಲು ಬಳಿಯುವ ಸರೇಸಿನ ಅಂಟುನೀರು ಎನ್ನುತ್ತೀ. ಇರಲಿ. ನಿನ್ನ ಪತ್ರ ಔರಾದದಿಂದ ಬಂದು ಬಹಳ ದಿನವಾಯಿತು, ತಡಕ್ಕೆ ಮುನಿಯಬೇಡ. ಸಿಕಂದರಾಬಾದಿನ ಹರಾಜಿನಲ್ಲಿ ನೀನು ಹಿಡಿದು ಕಳಿಸಿದ ಹಸಿರು ಹೂವಿನ ಗೋಡೆಕಾಗದದ ಸುರುಳಿಯ ಮೇಲೆ ‘ಸೈಜ್ ದಿ ವಾಲ್ಸ್ ಫಸ್ಟ್’ ಎಂದು ಅಚ್ಚಾಗಿತ್ತು. ಕಾಲೇಜಿನಲ್ಲಿ ನಿನ್ನ ಪಕ್ಕ ಕೂತು ಇಂಗ್ಲೀಷು ಕಲಿತ ನಾನು ದಾರ ಹಿಡಿದು ಗೋಡೆ ಅಳೆದೆ. ತಪ್ಪಬಾರದೆಂದು ಮತ್ತೊಮ್ಮೆ ಅಳೆದೆ. ಆಮೇಲೆ ಬರೀ ಸುಣ್ಣದ ಮೇಲೆ ಮೈದಾ ಗಂಜಿ ಹಚ್ಚಿ ಅಂಟಿಸಿದೆ. ಮಳೆ ಹಿಡಿದದ್ದೇ ತಡ, ಕಾಗದ ಸುಣ್ಣದ ಪುಡಿಯನ್ನೂ ಬೆನ್ನಿಗೆ ಹೊತ್ತುಕೊಂಡು ಕಳಚಿ ಬಂತು. ‘ಸ್ಟಿಚ್ ಇನ್ ಟೈಮ್ ಸೇವ್ಸ್’, ಹೊತ್ತಿಗೆ ಹಾಕಿದ ಒಂದು ಹೊಲಿಗೆ ಎಷ್ಟನ್ನು ಉಳಿಸುತ್ತದೆಂಬುದು ಮಾತ್ರ ಈಗ ನೆನಪಿಲ್ಲ.

ಇದು ಶೋಕಿಯಲ್ಲವೆಂದು ನಿನಗೆ ಗೊತ್ತು. ಯುಗಾದಿಗೆ ಭಾಲ್ಕಿಯ ಬೀಗರು ಮಗಳು ವಿಮಲಾಳನ್ನು ಎದೆಯ ಬೇನೆಯೊಂದಿಗೆ ನಮ್ಮಲ್ಲಿಗೆ ಕಳಿಸಿದಾಗ ಕೂಸನ್ನು ಅಲ್ಲೇ ಇಟ್ಟುಕೊಂಡರು. ಸುಣ್ಣದ ಧೂಳಿಗೆ ಅವಳ ಕೆಮ್ಮು ಏರುತ್ತಿತ್ತು. ಬೀಗತಿ ಸುಂದರಬಾಯಿ, ಕೋಣೆ ಒಣಗಿ ಸ್ವಚ್ಛವಾಗಿದ್ದರೆ ಕೂಸನ್ನು ತಂದು ನಾಲ್ಕು ದಿನ ಬಿಡುತ್ತೇನೆ ಎಂದು ಹೇಳಿ ಕಳಿಸಿದ್ದರು. ತಾಯಿಯಿಲ್ಲದ ಹುಡುಗಿ, ತನ್ನ ಕೂಸನ್ನಾದರೂ ನೋಡಲಿ ಎಂದು ನಾನು ಏಣಿ ಹತ್ತಿದೆ.

ಅವರು ಬಂದದ್ದು ಕಾಗದ ಜೋತುಬಿದ್ದ ದಿನವೇ. ಹೊಸ್ತಿಲು ದಾಟಲಿಲ್ಲ, ಕೂಸನ್ನು ಕಂಕುಳಿನಿಂದ ಇಳಿಸಲೂ ಇಲ್ಲ. “ಬೀಗರೇ, ಈ ಗ್ವಾಡಿ ನೀರು ಕಾರ್ತದ. ಇದರಾಗ ಕೂಸಿಗಿ ಹ್ಯಾಂಗ ಬಿಡ್ಲಿರಿ?” ಎಂದರು. ಕೂಸು ತಾಯಿಯ ಗುರುತು ಹತ್ತದೆ ಅಜ್ಜಿಯ ಸೆರಗು ಹಿಡಿಯಿತು. ವಿಮಲಾ ಸೆರಗಿನಿಂದ ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿದಳು. ಬಂಡಿ ಹಾಗೆಯೇ ಭಾಲ್ಕಿಗೆ ಹೋಯಿತು.

ನಿನ್ನ ಪತ್ರ ಓದಿ ಬಡಗಿ ಅಬ್ದುಲ ಗಫೂರನಿಂದ ಸರೇಸು ತರಿಸಿದೆ. ತೊಗಲು ಕುದಿಸಿ ತೆಗೆದ ಅಂಟು, ಲಿಂಗ ಕಟ್ಟಿದವರ ಮನೆಯೊಳಗೆ. ತಂಗಿ ಗುಂಡಮ್ಮ ಮೂಗು ಹಿಡಿದು ನಿಂತಳು. “ಅಣ್ಣಾ, ಅಡಗಿ ಒಲಿಮ್ಯಾಲ ಅದನ್ನ ಇಟ್ರ ನಾ ನಮ್ಮೂರು ಭಾತಂಬ್ರಾಕ ಹೋಗ್ತೇನಿ ನೋಡ್ರಿ. ಗ್ವಾಡಿಗಿ ತೊಗಲಿನ ಅಂಗಿ ಹೊಲಿಸಲಾಕ ನಿಮಗ ಯಾರು ಹೇಳ್ಯಾರ?” ನಿನ್ನ ಹೆಸರು ಹೇಳಿದೆ. ನಿನ್ನ ಕಾಲೇಜಿಗೂ ನಾಲ್ಕು ಮಾತು ಬಿದ್ದವು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕುದಿಸಿದೆ. ಬೈಯುತ್ತಲೇ ಬಂದು ಏಣಿ ಹಿಡಿದವಳೂ ಅವಳೇ, ಆಮೇಲೆ ತಲೆಯ ಮೇಲೆ ನೀರು ಸುರಿದುಕೊಂಡಳು.

ಈಗ ಕಾಗದ ಗಟ್ಟಿ ನಿಂತಿದೆ. ವಿಮಲಾಳ ದಿಂಬಿನ ಬದಿಯ ಒಂದು ಪಟ್ಟಿ ಮಾತ್ರ, ಸಂಜೆ ಅಂಟಿಸಿದರೆ ಬೆಳಿಗ್ಗೆ ಸುಲಿದಿರುತ್ತದೆ. ಅದರ ಹಿಂದೆ ಹಿತ್ತಲ ನೀರು ನಿಲ್ಲುತ್ತದಲ್ಲ, ಅದಕ್ಕೇ ಇರಬೇಕು. ಕಾಲುವೆ ತೋಡಿಸುತ್ತೇನೆ. ನೀನು ನನಗೊಂದು ಉಪಕಾರ ಮಾಡು: ಭಾಲ್ಕಿಗೆ ಹೋಗಿ ಸುಂದರಬಾಯಿಯವರಿಗೆ ಗೋಡೆ ಒಣಗಿದೆಯೆಂದು ಹೇಳು. ನನ್ನ ಮಾತು ಅವರು ನಂಬುವುದಿಲ್ಲ, ನಿನ್ನದನ್ನು ನಂಬುತ್ತಾರೆ. ಹೇಗಾದರೂ ಮಾಡಿ ಕೂಸನ್ನು ಇನ್ನೊಮ್ಮೆ ಕರೆಸು. ಡಾಕ್ಟರು ಮಾತು ಕಡಿಮೆ ಮಾಡಿದ್ದಾರೆ, ಅದರ ಅರ್ಥ ಕಾಲೇಜಿಲ್ಲದೆಯೂ ಆಗುತ್ತದೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರೆಲ್ಲ ನಿನ್ನ ಕಣ್ಣ ಮುಂದೆಯೇ ಬೆಳೆಯಲಿ.

ನಿನ್ನ
ಮನ್ಮಥಪ್ಪ

ತಾಜಾ ಕಲಂ: ಲಕೋಟೆ ಮುಚ್ಚುವ ಮೊದಲು ಅವಳಿಗೆ ಉಣ್ಣಿಸಲು ಹೋದೆ. ಕೈ ತೊಳೆಸುವಾಗ ಕಂಡಿತು, ಉಗುರಿನ ಸಂದಿಯಲ್ಲಿ ಒಣಗಿದ ಸರೇಸು, ಹಸಿರು ಕಾಗದದ ಚೂರು. ಅವಳೇ ಹೇಳಿದಳು. “ಅಪ್ಪಾ, ಮೊದಲಿನಿಂದ ನಾನೇ ಕಿತ್ತೇನಿ. ಅತ್ತಿ ನೋಡಿ ಕೂಸಿಗಿ ತಿರುಗಿ ಒಯ್ಯಲಿ, ನನ್ನ ಬ್ಯಾನಿ ಅದಕ್ಕ ಹತ್ತಬಾರದು ಅಂತ. ಬ್ಯಾಡ ಅನ್ನಲಾಕ ಬಾಯಿಗಿ ಬರಲಿಲ್ರಿ. ಈಗ ಉಗುಳಿನಾಗ ರಕ್ತ ಬರ್ತದ. ಮತ್ತ ಕರಸಬ್ಯಾಡ್ರಿ.”

ಭಾಲ್ಕಿಗೆ ಹೋಗಬೇಡ, ಕಾಶೀರಾಮ. ಕೂಸು ಅಲ್ಲೇ ಇರಲಿ. ಆ ಪಟ್ಟಿಯನ್ನು ನಾನಿನ್ನು ಅಂಟಿಸುವುದಿಲ್ಲ. ಇನ್ನೂ ಏನೋ ಬರೆಯುವುದಿತ್ತು, ಆದರೆ ಕಿಟಕಿಯ ಬೆಳಕು ಹೋಗುತ್ತಿದೆ, ಗೆರೆ ಕಾಣಿಸುತ್ತಿಲ್ಲ.