ಇಳಿಜಾರಿನ ಎತ್ತರಗಳು

ಮಾರ್ಚ್ ೯, ಸೋಮವಾರ

ನನ್ನ ಗುಬ್ಬಿಗೆ,

ಅಕ್ಕನ ಅಕ್ಕರೆಯ ನೆನಪುಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆಯುರಿಯಲ್ಲಿ ಪೆನ್ನು ಹಿಡಿಯಲಾಗಲಿಲ್ಲ.

ಆಸ್ಪತ್ರೆಯ ಹಿಂದಿನ ಗುಡ್ಡದಲ್ಲಿ ನೀನು ತೋರಿಸಿದ ಕಡೆ ಕೊರೆದ ಬಾವಿಗೆ ಪಂಪು ಕೂರಿಸಿದರು. ಹೆರಿಗೆ ವಾರ್ಡಿನ ನಲ್ಲಿಯಲ್ಲಿ ಈಗ ದಿನವಿಡೀ ನೀರು. ಹಿರಿಯ ನರ್ಸಮ್ಮ ದಾರಿಯಲ್ಲಿ ನಿಲ್ಲಿಸಿ, "ನಿಮ್ಮ ತಂಗಿ ಕೈಗುಣ ದೊಡ್ಡದು ಕಣ್ರೀ" ಎಂದರು. ನಕ್ಕೆ. ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಇಪ್ಪತ್ತು ವರ್ಷ ನೆಲಕ್ಕೆ ಕರೆಂಟು ಬಿಟ್ಟು ಒಳಗಿನ ನೀರು ಹುಡುಕಿದವಳು ನಾನು. ಈ ಗುಡ್ಡದ ನಡುವಿನ ತಗ್ಗಿನಲ್ಲಿ ಕರೆಂಟಿಗೆ ಪ್ರತಿರೋಧ ಕಡಿಮೆ ಬಂತು, ಕಂಪ್ಯೂಟರ್ ಚಿತ್ರದಲ್ಲಿ ತೇವದ ಗುರುತಾದ ನೀಲಿ ಕಲೆ ಮೂಡಿತು, "ಇಲ್ಲೇ ನೀರು" ಎಂದೆ. ನೂರು ಮೀಟರ್ ಕೊರೆದರೂ ಬರೀ ಧೂಳು. ಆಗ ನಿನ್ನನ್ನು ಕರೆಸಿದರು. ನೀನು ನನ್ನ ಅಳತೆಗಳನ್ನೇ ತೆಗೆದುಕೊಂಡು, ಕರೆಂಟು ಬಿಡಲು ಒಂದೊಂದು ಸಲಾಕೆ ನೆಟ್ಟ ಜಾಗದ ಎತ್ತರವನ್ನೂ ಸೇರಿಸಿ ಲೆಕ್ಕ ಓಡಿಸಿದೆ. ತೆರೆಯ ಮೇಲೆ ನೆಲ ಗುಡ್ಡದಂತೆಯೇ ಏರಿಳಿಯಿತು. ನನ್ನ ನೀಲಿ ಕಲೆ ಮಾಯ. ಮೇಲಿನ ಇಳಿಜಾರಿನಡಿ ಬೇರೊಂದು ಮೂಡಿತು.

ಎಲ್ಲರ ಮುಂದೆ ನೀನು ಮೆಲ್ಲಗೆ ಹೇಳಿದೆ: "ಅಕ್ಕಂದು ಅಳತೆ ತಪ್ಪಿಲ್ಲ. ನೆಲ ಚಪ್ಪಟೆ ಅಂತ ಕಂಪ್ಯೂಟರ್‌ಗೆ ಹೇಳಿದ್ವಿ, ಅದು ತಗ್ಗಿನ ಆಕಾರಾನೇ ನೀರು ಅಂದ್ಕೊಂಡ್ತು."

"ಹೇಳಿದ್ವಿ" ಎಂದೆಯಲ್ಲ, ಅದೇ ನನ್ನನ್ನು ಸುಟ್ಟಿದ್ದು. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಊಟಕ್ಕೆ ಕೂತಾಗ ಅಮ್ಮ ಬೇರೆ, "ಚಿಕ್ಕೋಳು ಮೊದಲಿಂದ್ಲೂ ಚುರುಕು ಬಿಡು" ಎಂದಳು. ನನಗೆ ನಲವತ್ತೇಳು, ಗುಬ್ಬಿ. ಆದರೂ ತಟ್ಟೆ ತಳ್ಳಿ ಎದ್ದುಹೋಗಬೇಕೆನಿಸಿತು.

ಮಂಡಿ ನೋವು ಹೇಗಿದೆ? ಶಾಖ ಕೊಡುವುದನ್ನು ಬಿಡಬೇಡ. ನೂರು ಕಾಲ ಸುಖವಾಗಿ ಬಾಳು. ಹುಡುಕಿದಲ್ಲೆಲ್ಲ ನಿನಗೆ ನೀರು ಸಿಗಲಿ. ಮನಸಾರೆ ಹರಸುತ್ತಿದ್ದೇನೆ. ಬಹುಪಾಲು ಮನಸಾರೆ.

ನಿನ್ನ
ಅಕ್ಕ

ತಾ.ಕ.: "ಎತ್ತರ ಅಳೆದಿದ್ದೀಯಾ?" ಎಂದು ನೀನು ಕೇಳಿದಾಗ "ಇಲ್ಲ" ಎಂದೆ. ಅಳೆದಿದ್ದೆ. ನೀಲಿ ಕಲೆ ಕಂಡ ಸಂಭ್ರಮದಲ್ಲಿ ಲೆಕ್ಕಕ್ಕೆ ಸೇರಿಸದೆ ಬಿಟ್ಟಿದ್ದೆ. ಎತ್ತರ ಬರೆದಿಟ್ಟ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ನೀನೂ ಸೋತು ಹೋಗಲಿ ಎಂದು ಕೊಡಲಿಲ್ಲ. ಊದಿದ ಮಂಡಿ ಎಳೆದುಕೊಂಡು ನೀನು ಎರಡು ದಿನ ಆ ಗುಡ್ಡ ಹತ್ತಿಳಿದು ಅಳೆಯುವುದನ್ನು ಕಿಟಕಿಯಿಂದ ನೋಡುತ್ತ ಕೂತಿದ್ದೆ. ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ನಿನ್ನ ಅಳತೆಗೂ ನನ್ನದಕ್ಕೂ ಎಲ್ಲೂ ಒಂದು ಗೇಣಿನ ವ್ಯತ್ಯಾಸವೂ ಇಲ್ಲ.