ವಯೋಮಿಂಗ್‌ನ ತಾಳೆಗರಿ

ಕ್ಯಾಸ್ಪರ್, ವಯೋಮಿಂಗ್
9 ಮೇ 2023

ರೋವೀನಾ,

ಹೆಸರಿನ ಹಿಂದೆ ‘ಪ್ರೀತಿಯ’ ಅಂತ ಸೇರಿಸಲು ಕೈ ಬರಲಿಲ್ಲ. ನಾವು ಮಾತು ಬಿಟ್ಟು ಎಂಟು ವರ್ಷವಾಯಿತು. ಇಮೇಲ್ ಮಾಡಿದ್ದರೆ ನನ್ನ ಹೆಸರು ನೋಡಿದ ಕೂಡಲೇ ಅಳಿಸಿಬಿಡುತ್ತಿದ್ದೆ, ನಿನ್ನನ್ನು ನಾನು ಬಲ್ಲೆ. ಕಾಗದವಾದರೆ ಹರಿದುಹಾಕುವುದಕ್ಕಾದರೂ ಒಮ್ಮೆ ಕೈಯಲ್ಲಿ ಹಿಡಿಯಬೇಕಲ್ಲ.

ಆರ್ಲೋ ಸ್ಟ್ರೌಡ್ ತೀರಿಕೊಂಡರು. ಏಪ್ರಿಲ್ ಇಪ್ಪತ್ತೆರಡರಂದು ಗ್ರೇಬುಲ್‌ನಲ್ಲಿ ಮಣ್ಣು ಮಾಡಿದರು. ನಿನಗೆ ಸುದ್ದಿ ಮುಟ್ಟಿತ್ತು. ಅವರ ಮಗಳು ಜೋಲೀನ್ ತಾನೇ ನಿನ್ನ ಆಫೀಸಿಗೆ ಫೋನ್ ಮಾಡಿ ಹೇಳಿದ್ದಳಂತೆ. ನೀನು ಬರಲಿಲ್ಲ, ಒಂದು ಹೂವೂ ಬರಲಿಲ್ಲ. ನಾನು ಹೋಗಿದ್ದೆ. ಹೋದದ್ದಕ್ಕೆ ನನ್ನನ್ನು ದೊಡ್ಡವಳೆಂದುಕೊಳ್ಳಬೇಡ, ಮುಂದೆ ಓದು.

ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಹ್ಯಾಮ್, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಹಸಿರು ಜೆಲ್ಲಿ. ಜೇಡಿಮಣ್ಣಿನ ಗಣಿಯಲ್ಲಿ ಅವರ ಜೊತೆ ಲಾರಿ ತೂಗುತ್ತಿದ್ದವರೆಲ್ಲ ಬಂದಿದ್ದರು. ಒಬ್ಬ ಮುದುಕ ತಟ್ಟೆ ಹಿಡಿದುಕೊಂಡು, “ಆರ್ಲೋ ಸ್ವರ್ಗಕ್ಕೆ ಹೋದ್ರೂ ಮೊದ್ಲು ಅಲ್ಲಿನ ನೆಲ ಅಗೀತಾನೆ ಬಿಡಿ, ಆಮೇಲೇ ದೇವ್ರನ್ನ ಮಾತಾಡ್ಸೋದು” ಎಂದ. ಎಲ್ಲರೂ ನಕ್ಕರು. ಭೂವಿಜ್ಞಾನ ಬಲ್ಲವರು ಅಂತ ಆ ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ. ಐವತ್ತು ವರ್ಷ ಗ್ರೇಬುಲ್ ಸುತ್ತಿನ ಗುಡ್ಡಗಳನ್ನು ಓದಿದ ಮನುಷ್ಯನಿಗೆ ನಮ್ಮ ಕಡೆಯಿಂದ ಬಂದ ಜನ ಅಷ್ಟೇ.

ಜೋಲೀನ್ ನನ್ನ ಹತ್ತಿರ ಬಂದು ನಿಂತಳು. “ನೀವೇ ಅಲ್ವಾ ಡೆಲ್ಲಾ? ಅಪ್ಪ ನಿಮ್ಮನ್ನ ಯಾವತ್ತೂ ಬೈಲಿಲ್ಲ. ಅಮ್ಮ ಬೈತಿದ್ರು” ಎಂದಳು. ಅವಳೇ ಮುಂದುವರಿಸಿದಳು: “ಊಟ ಆದ್ಮೇಲೆ ಮನೆಗೆ ಬನ್ನಿ. ಗರಾಜಲ್ಲಿ ಒಂದಿಷ್ಟು ಕಲ್ಲಿದೆ. ಏನ್ ಮಾಡ್ಬೇಕೋ ನನಗಂತೂ ಗೊತ್ತಾಗ್ತಿಲ್ಲ.”

ಒಂದಿಷ್ಟು ಅಂದಳು. ನಲವತ್ತಮೂರು ಪೆಟ್ಟಿಗೆ, ರೋವೀನಾ. ಕಾರು ನಿಲ್ಲಿಸಲು ಜಾಗವಿಲ್ಲದಂತೆ ಗೋಡೆಯಿಂದ ಗೋಡೆಗೆ ಜೋಡಿಸಿದ್ದರು. ಒಂದೊಂದು ಕಲ್ಲಿಗೂ ಹಳೇ ಪತ್ರಿಕೆ ಸುತ್ತಿ, ಮೇಲೆ ತಾರೀಕು, ಯಾವ ಪದರ, ಎಷ್ಟು ಆಳ ಎಲ್ಲ ಬರೆದಿದ್ದರು. ಮೇಲಿನ ಪೆಟ್ಟಿಗೆ ತೆರೆದೆ. ಬೀಸಣಿಗೆಯಂತೆ ಹರಡಿಕೊಂಡ ತಾಳೆಗರಿ, ನನ್ನ ತೋಳಿನಷ್ಟು ಅಗಲ. ಕಂದು ಕಲ್ಲಿನ ಮೇಲೆ ಮಡಿಕೆ ಮಡಿಕೆಯೂ ಎಣಿಸುವಷ್ಟು ಸ್ಪಷ್ಟ. ಆ ಬೋಳು ಗುಡ್ಡದ ಹೊಟ್ಟೆಯಿಂದ, ಹದಿನೇಳು ವರ್ಷ ಶನಿವಾರ ಶನಿವಾರ ಹೋಗಿ, ಮಂಡಿ ಕೆಟ್ಟಮೇಲೆ ಮಂಡಿಗೆ ರಬ್ಬರು ಕಟ್ಟಿಕೊಂಡು ಹೋಗಿ, ಆರ್ಲೋ ಒಬ್ಬರೇ ತೆಗೆದದ್ದು.

ಜೋಲೀನ್ ಶಾಲೆಯಲ್ಲಿ ಅಡುಗೆ ಉಸ್ತುವಾರಿ ನೋಡುವವಳು. ಗಂಡನ ಕೆಲಸಕ್ಕಾಗಿ ಮೊಂಟಾನಾಗೆ ಹೋಗುತ್ತಿದ್ದಾಳೆ, ಜೂನ್ ಹದಿನೈದರೊಳಗೆ ಮನೆ ಖಾಲಿ ಮಾಡಬೇಕು. ಕಲ್ಲುಗಳನ್ನು ಇಟ್ಟುಕೊಳ್ಳುತ್ತೀರಾ ಎಂದು ಕಳೆದ ವರ್ಷ ಆರ್ಲೋ ದೊಡ್ಡ ಸಂಗ್ರಹಾಲಯವೊಂದಕ್ಕೆ ಬರೆದಿದ್ದರು. ಬಂದ ಉತ್ತರವನ್ನು ಅವಳು ನನ್ನ ಕೈಗೆ ಕೊಟ್ಟು, “ಇದ್ರಲ್ಲಿ ಏನಂತಾರೆ, ನಮ್ಮಂಥೋರಿಗೆ ಅರ್ಥ ಆಗೋ ಹಾಗೆ ಹೇಳಿ” ಎಂದಳು.

ಕಾಲ ನಿಶ್ಚಯವಿಲ್ಲದ ವಸ್ತುಗಳನ್ನು ಸ್ವೀಕರಿಸಲಾಗದು ಅಂತ ಬರೆದಿದ್ದರು. ಕೆಳಗೆ ಆಧಾರವಾಗಿ ನಮ್ಮ 2006ರ ಲೇಖನದ ವಾಕ್ಯ: ‘ಈ ನೆಲೆಯ ಬೂದಿ ಪದರವು ಮೂಲ ಸ್ಥಾನದಿಂದ ಸರಿದಿರುವಂತೆ ತೋರುವುದರಿಂದ ಅದರ ಕಾಲನಿರ್ಣಯವನ್ನು ನೆಚ್ಚಲಾಗದು.’

ಅವಳಿಗೆ ಮೊದಲಿಂದ ಬಿಡಿಸಿ ಹೇಳಬೇಕಾಯಿತು. ನಿನ್ನ ಹವಾಮಾನದ ಮಾಡೆಲ್ ಬಗ್ಗೆ ನಿನಗೇ ಹೇಳುವುದು ವಿಚಿತ್ರ, ಆದರೂ ಅವಳಿಗೆ ಹೇಳಿದ ಹಾಗೇ ಬರೆಯುತ್ತೇನೆ. ಗರಾಜಿನಲ್ಲಿ ನಿಂತು ಕೇಳಿದರೆ ನಮ್ಮ ಕೆಲಸ ಹೇಗಿರುತ್ತದೆ ಎಂದು ಒಮ್ಮೆ ನೀನೂ ಕೇಳಿಸಿಕೋ.

ಐದು ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲದ ಅನಿಲ ಬಹಳ ಇತ್ತು, ಭೂಮಿ ಬಿಸಿಯಾಗಿತ್ತು ಎಂದೆ. ನನ್ನ ಗೆಳತಿ ಆ ಭೂಮಿಯನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಾಳೆ. ಗಾಳಿ, ಕಡಲು, ಮೋಡ, ಕಾಡು ಎಲ್ಲಕ್ಕೂ ಲೆಕ್ಕ ಹಾಕಿ, ಅನಿಲ ಹೆಚ್ಚಿಸಿ ಬಿಡುತ್ತಾಳೆ. ಒಂದು ಬದಲಾದರೆ ಅದು ಇನ್ನೊಂದನ್ನು ಬದಲಿಸುತ್ತದೆ, ಆ ಇನ್ನೊಂದು ತಿರುಗಿ ಬಂದು ಮೊದಲನೆಯದನ್ನೇ ಇನ್ನಷ್ಟು ನೂಕುತ್ತದೆ. ಹಿಮ ಕರಗಿದರೆ ಕಪ್ಪು ನೆಲ ಹೊರಬೀಳುತ್ತದೆ, ಕಪ್ಪು ನೆಲ ಬಿಸಿಲು ಹೀರುತ್ತದೆ, ಅದರಿಂದ ಇನ್ನಷ್ಟು ಹಿಮ ಕರಗುತ್ತದೆ. ಇದಕ್ಕೆ ಫೀಡ್‌ಬ್ಯಾಕ್ ಅನ್ನುತ್ತೇವೆ. ಹಳೇ ಭೂಮಿಯಲ್ಲಿ ಇವು ಎಷ್ಟು ಜೋರಾಗಿದ್ದವು ಅಂತ ತಿಳಿದರೆ ಮುಂದೆ ನಮಗೇನು ಕಾದಿದೆ ಅಂತಲೂ ತಿಳಿಯುತ್ತದೆ. ಮಾಡೆಲ್ ಸರಿಯೋ ತಪ್ಪೋ ನೋಡಲು ನೆಲದೊಳಗಿನ ಸಾಕ್ಷಿ ಬೇಕು. ನಿಮ್ಮಪ್ಪ ಅಗೆದದ್ದು ಅದನ್ನೇ ಎಂದೆ. ಮೇಲೆ ಕೂತ ಜ್ವಾಲಾಮುಖಿಯ ಬೂದಿಯಿಂದ ಅದರ ಕಾಲ ತಿಳಿಯುತ್ತದೆ, ಬೂದಿ ಬೇರೆಡೆಯಿಂದ ಸರಿದು ಬಂದಿದ್ದರೆ ಲೆಕ್ಕ ಕೆಡುತ್ತದೆ ಎಂದೆ. ತಾಳೆ ಗಿಡ ಗಟ್ಟಿ ಮಂಜು ತಡೆಯುವುದಿಲ್ಲ. ಅಲ್ಲಿ ತಾಳೆ ಬೆಳೆದಿತ್ತು ಅಂದರೆ ಆಗ ವಯೋಮಿಂಗ್‌ನ ಜನವರಿಯಲ್ಲಿ ನೀರು ಹೆಪ್ಪುಗಟ್ಟುತ್ತಿರಲಿಲ್ಲ.

“ಮತ್ತೆ ಕಂಪ್ಯೂಟರ್ ಏನಂತು?” ಎಂದು ಕೇಳಿದಳು.

“ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ ಅಂತು.”

“ಹಂಗಾದ್ರೆ ಕಂಪ್ಯೂಟರ್‌ನಲ್ವಾ ಆಚೆ ಹಾಕ್ಬೇಕಾಗಿದ್ದಿದ್ದು? ನಮ್ಮಪ್ಪನ್ನ ಯಾಕೆ ಹಾಕಿದ್ರಿ?”

ಶಾಲೆಯ ಅಡುಗೆಮನೆಯ ಹೆಂಗಸು ಐದು ನಿಮಿಷಕ್ಕೆ ಕೇಳಿದ ಈ ಪ್ರಶ್ನೆಯನ್ನು ನಾವಿಬ್ಬರೂ ಹದಿನೇಳು ವರ್ಷ ಕೇಳಿಕೊಳ್ಳಲಿಲ್ಲ.

ಆ ಜುಲೈ ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ನಿನ್ನ ಕಾಯಂ ಕೆಲಸದ ತೀರ್ಮಾನ ಆ ಲೇಖನದ ಮೇಲೆ ನಿಂತಿತ್ತು. ಹದಿಮೂರು ನೆಲೆಗಳ ಪಳೆಯುಳಿಕೆ ಎಲೆಗಳು ನಿನ್ನ ಲೆಕ್ಕಕ್ಕೆ ಹೇಗೋ ಒಗ್ಗಿದವು, ಆರ್ಲೋ ಗುಡ್ಡ ಒಂದು ಒಗ್ಗಲಿಲ್ಲ. ಬೂದಿ ಪದರ ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದೆ. ಆರ್ಲೋ ಆಗ ಊರಿನ ಸಣ್ಣ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಡಾಕ್ಟರೇಟ್ ಇರಲಿಲ್ಲ, ಅದರ ಬಗ್ಗೆ ನಾಚಿಕೆಯೂ ಇರಲಿಲ್ಲ. ಬಿಸಿಲಿನಲ್ಲಿ ಎರಡು ದಿನ ನನ್ನ ಕೈಗೆ ಗುದ್ದಲಿ ಕೊಟ್ಟು ಕಂದಕ ತೋಡಿಸಿದರು. “ನನ್ನ ಮಾತು ನಂಬ್ಬೇಡಮ್ಮ, ನೀನೇ ತೋಡು. ನಂಬಿದೋರು ಚರ್ಚಿಗೆ ಹೋಗ್ತಾರೆ, ನಾವು ಗುಂಡಿಗೆ ಇಳೀತೀವಿ” ಎಂದು ನಗುತ್ತಿದ್ದರು. ಬೂದಿ ಪದರ ಇನ್ನೂರು ಅಡಿ ಉದ್ದಕ್ಕೆ ಎಲ್ಲೂ ಮುರಿಯದೆ, ತಾಳೆಗರಿಗಳ ಮೇಲೇ ಹಾದುಹೋಗಿತ್ತು. ಅದು ಎಲ್ಲಿಂದಲೂ ಸರಿದು ಬಂದದ್ದಲ್ಲ. ನನ್ನ ಕಣ್ಣಿಂದ ನೋಡಿದೆ, ಬೆರಳಿಂದ ಮುಟ್ಟಿದೆ.

ಮರುದಿನ ನೀನು ಬಂದೆ. ಹೆದ್ದಾರಿ ಪಕ್ಕದ ಆ ಕೆಫೆಯಲ್ಲಿ ಕೂತೆವು. ಮುಂದಿಟ್ಟಿದ್ದ ಹಣ್ಣಿನ ಪೈಯನ್ನು ನೀನು ಮುಟ್ಟಲೇ ಇಲ್ಲ. “ಒಂದೇ ಒಂದು ಗುಡ್ಡ ಕಣೇ. ಹದಿನಾಲ್ಕು ತಿಂಗಳು ಓಡಿಸಿದ ಲೆಕ್ಕನ ಒಂದು ಗುಡ್ಡ ನುಂಗಿಹಾಕುತ್ತೆ” ಎಂದೆ. ಆಮೇಲೆ ನೀನೇ ನಿಧಾನಕ್ಕೆ ಕೇಳಿದೆ: “ಆ ಬೂದಿ ಮೇಲಿಂದ ಜಾರಿ ಬಂದಿರೋ ಸಾಧ್ಯತೆ ಇಲ್ವಾ? ನೋಡಿದೋಳು ನೀನು. ನಾನೇನೂ ಹೇಳ್ಕೊಡ್ತಿಲ್ಲ.”

ನೀನು ಹೇಳಿಕೊಡಲಿಲ್ಲ, ನಿಜ. ನೀನು ಯಾವಾಗಲೂ ಹಾಗೇ. ಬಾಗಿಲು ತೆರೆದು ಪಕ್ಕಕ್ಕೆ ನಿಲ್ಲುವವಳು ನೀನು, ಒಳಗೆ ಹೋಗುವವರು ಬೇರೆಯವರು. ನಾನು “ಇರಬಹುದು” ಅಂದೆ. ಆ ವಾಕ್ಯವನ್ನೂ ನಾನೇ ಬರೆದೆ, ಅದೇ ಮೇಜಿನ ಮೇಲೆ. ನಿನಗೆ ಕೆಲಸ ಗಟ್ಟಿಯಾಯಿತು. ಲೇಖನದಲ್ಲಿ ಎರಡನೇ ಹೆಸರು ನನ್ನದಾಗಿದ್ದರಿಂದ ನನಗೂ ಒಂದು ಕೆಲಸವಾಯಿತು. ಮುಂದಿನ ವರ್ಷ ಆರ್ಲೋ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದಾಗ ಇದೇ ವಾಕ್ಯ ತೋರಿಸಿ ತಿರಸ್ಕರಿಸಿದರು. ಅದರ ಮುಂದಿನ ವರ್ಷ ಕಾಲೇಜು ಅವರ ವಿಭಾಗವನ್ನೇ ಮುಚ್ಚಿತು. ಐವತ್ತೆಂಟನೇ ವಯಸ್ಸಿನಲ್ಲಿ ಗಣಿಯಲ್ಲಿ ಲಾರಿ ತೂಗಲು ನಿಂತರು.

ಅಷ್ಟಾದರೂ ಅವರು ಬಿಡಲಿಲ್ಲ. 2015ರಲ್ಲಿ ಹನ್ನೊಂದು ಹೊಸ ಬೂದಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ಅದೇ ಕಾಲ ಬಂದದ್ದನ್ನು ನಮ್ಮಿಬ್ಬರಿಗೂ ಬರೆದು ತಿಳಿಸಿದರು. ಒಂದು ಕೆಟ್ಟ ಮಾತಿರಲಿಲ್ಲ. ‘ದಯವಿಟ್ಟು ಪರಿಶೀಲಿಸಿ’ ಅಂತಷ್ಟೇ. ನಾನು ನಿನಗೆ ಫೋನ್ ಮಾಡಿದೆ. “ಹಳೇ ಗಾಯ ಕೆರೀಬೇಡ ಡೆಲ್ಲಾ. ಕೆರೆದ್ರೆ ರಕ್ತ ಬರೋದು ನಿನ್ನ ಕೈಯಿಂದಲೇ, ಆ ವಾಕ್ಯ ನಿನ್ನದು” ಎಂದು ಫೋನ್ ಇಟ್ಟೆ. ಅದೇ ನಮ್ಮ ಕೊನೆಯ ಮಾತು. ನಾನು ಆರ್ಲೋಗೆ ಎರಡು ಸಾಲು ಬರೆದೆ: ನೋಡುತ್ತೇವೆ, ಧನ್ಯವಾದ.

ಈಗ ನಿನ್ನ ಹೊಸ ಲೇಖನ ಬಂದಿದೆ, ಮಾರ್ಚ್‌ನಲ್ಲಿ. ಹೊಸ ಮಾಡೆಲ್‌ನಲ್ಲಿ ಮೋಡದ ಹನಿಗಳ ಲೆಕ್ಕ ಸರಿಯಾಗಿದೆ. ಬೆಚ್ಚಗಿನ ಕಡಲಿಂದ ಬಂದ ತೇವ ಚಳಿಗಾಲದಲ್ಲಿ ನಾಡಿನ ನಡುವೆ ದಟ್ಟ ಮೋಡವಾಗಿ, ನೆಲದ ಶಾಖ ಮೇಲೆ ಹೋಗದಂತೆ ಕೌದಿ ಹೊದಿಸುತ್ತದೆ. ನೆಲ ಬೆಚ್ಚಗಾದಷ್ಟೂ ಮೋಡ, ಮೋಡವಾದಷ್ಟೂ ಬೆಚ್ಚಗೆ. ವಯೋಮಿಂಗ್‌ನ ಜನವರಿ ಈಗ ಸೊನ್ನೆಗಿಂತ ಆರು ಡಿಗ್ರಿ ಮೇಲೆ. ಒಳ್ಳೆಯ ಕೆಲಸ ರೋವೀನಾ, ನಿನ್ನ ಕೆಲಸದಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದು. ಮಾಡೆಲ್ ಸರಿ ಅನ್ನುವುದಕ್ಕೆ ನೀನು ಕೊಟ್ಟ ದೊಡ್ಡ ಸಾಕ್ಷಿ ‘ಸ್ಥಳ 14: ತಾಳೆ, ಅಪ್ರಕಟಿತ ಮಾಹಿತಿ.’ ಆ ಕಾಲದ ಅಂಕಿ ದಶಮಾಂಶದವರೆಗೂ ಆರ್ಲೋ ಪತ್ರದಲ್ಲಿದ್ದದ್ದೇ. ಅವರ ಹೆಸರಿಲ್ಲ, ಗುಡ್ಡದ ಹೆಸರೂ ಇಲ್ಲ. ಹೆಸರು ಹೇಳಿದರೆ 2006ರಲ್ಲಿ ಅದನ್ನು ಯಾಕೆ ಎಸೆದಿರಿ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೇ ತಾನೆ? ಮಾಡೆಲ್‌ಗೆ ಬೇಡವಾದಾಗ ಆ ಮನುಷ್ಯ ಸುಳ್ಳಾದ. ಬೇಕಾದಾಗ ಒಂದು ನಂಬರಾದ.

ಗರಾಜಿಗೆ ಮರಳುತ್ತೇನೆ. ಜೋಲೀನ್ ಸಂಗ್ರಹಾಲಯದ ಉತ್ತರದಲ್ಲಿದ್ದ ಆ 2006ರ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: “ಇದನ್ನ ಬರೆದೋರು ಯಾರು? ಲೇಖನದಲ್ಲಿ ಎರಡು ಹೆಸರಿದೆಯಲ್ಲ.”

ನಾನು “ರೋವೀನಾ” ಅಂದೆ.

ಬಾಯಿಂದ ತಾನಾಗಿ ಬಿತ್ತು ಅಂತ ಹೇಳಲಾರೆ. ಯೋಚಿಸಿಯೇ ಅಂದೆ. ಅವಳ ಅಪ್ಪನ ಕೈಬರಹ ಸುತ್ತಲೂ ಇರುವಾಗ, ಅವಳು ಕೊಟ್ಟ ಕಾಫಿ ಕೈಯಲ್ಲಿರುವಾಗ ಅಂದೆ. ಅವಳು ತಲೆಯಾಡಿಸಿ, “ಹಂಗಾದ್ರೆ ನೀವಾದ್ರೂ ಬಂದ್ರಲ್ಲ, ಸಂತೋಷ” ಎಂದಳು. ಹೊರಡುವಾಗ ಒಂದು ತಾಳೆಗರಿಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ಕಾರಿನಲ್ಲಿಟ್ಟಳು. ಬೇಡ ಅನ್ನಲೂ ನನಗೆ ಧೈರ್ಯವಾಗಲಿಲ್ಲ. ಹದಿನೇಳು ದಿನದಿಂದ ಅದು ಹಿಂದಿನ ಸೀಟಿನಲ್ಲೇ ಇದೆ. ಮನೆಯೊಳಗೆ ತರಲು ಆಗುತ್ತಿಲ್ಲ.

ನಿನ್ನೆ ಅವಳಿಗೆ ಫೋನ್ ಮಾಡಿ ನಿಜ ಹೇಳಿದೆ. “ಅಪ್ಪಂಗೆ ಗೊತ್ತಿತ್ತಾ?” ಎಂದಳು. ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೆ. “ಪೆಟ್ಟಿಗೆಗೆ ಜಾಗ ಮಾಡಿ. ನಿಮ್ಮ ಕ್ಷಮೆ ಗಿಮೆ ನನಗೆ ಬೇಡ” ಎಂದು ಇಟ್ಟಳು. ಅವಳು ಹೇಳಿದ್ದು ಸರಿ.

ನಿನ್ನಿಂದ ಒಂದೇ ಬೇಕು. ಸ್ಥಳ 14 ಅಂದರೆ ಆರ್ಲೋ ಸ್ಟ್ರೌಡ್ ಅವರ ಗುಡ್ಡ, ಕಾಲನಿರ್ಣಯ ಅವರದು, 2006ರ ನಮ್ಮ ಅನುಮಾನಕ್ಕೆ ಆಧಾರವಿರಲಿಲ್ಲ ಅಂತ ತಿದ್ದುಪಡಿ ಪ್ರಕಟಿಸು. ಮೊದಲ ಹೆಸರು ನಿನ್ನದು, ನಿನ್ನ ಸಹಿಯಿಲ್ಲದೆ ಅದಕ್ಕೆ ತೂಕವಿಲ್ಲ. ಜೂನ್ ಹದಿನೈದರೊಳಗೆ ಅದು ಸಂಗ್ರಹಾಲಯದ ಕೈ ಸೇರದಿದ್ದರೆ ನಲವತ್ತಮೂರು ಪೆಟ್ಟಿಗೆ ಊರಾಚೆಯ ಕಸದ ಹೊಂಡಕ್ಕೆ ಹೋಗುತ್ತವೆ. ನನ್ನ ಮನೆ ಮಹಡಿಯ ಮೇಲೆ, ಎರಡು ಕೋಣೆ. ಅಳತೆ ಹಿಡಿದು ನೋಡಿದೆ, ಒಂಬತ್ತು ಪೆಟ್ಟಿಗೆ ಹಿಡಿಸುತ್ತವೆ.

ಒಮ್ಮೆ ನಿನ್ನ ಗೆಳತಿಯಾಗಿದ್ದ,
ಡೆಲ್ಲಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ: ಕಳೆದ ಅಕ್ಟೋಬರ್‌ನಲ್ಲಿ ಸಂಶೋಧನಾ ಪತ್ರಿಕೆಯವರು ಅಚ್ಚಿಗೆ ಮುನ್ನ ನಿನ್ನ ಹೊಸ ಲೇಖನವನ್ನು ಹೆಸರು ಹೇಳದ ಇಬ್ಬರು ವಿಮರ್ಶಕರಿಗೆ ಕಳಿಸಿದ್ದರಲ್ಲ, ಅದರಲ್ಲಿ ಎರಡನೆಯವಳು ನಾನು. ಸ್ಥಳ 14 ಯಾವುದೆಂದು ಓದಿದ ಕೂಡಲೇ ತಿಳಿಯಿತು. ಮೂರನೇ ಚಿತ್ರದ ಬಣ್ಣ ಬದಲಿಸಿ ಅಂತ ಮಾತ್ರ ಬರೆದು ಒಪ್ಪಿಗೆ ಕೊಟ್ಟೆ. ಆಗ ಆರ್ಲೋ ಇನ್ನೂ ಕೋಲು ಹಿಡಿದು ಗುಡ್ಡಕ್ಕೆ ಹೋಗುತ್ತಿದ್ದರು. ಇಷ್ಟನ್ನೂ ಇವತ್ತು ಬೆಳಿಗ್ಗೆ ಸಂಪಾದಕರಿಗೆ ಬರೆದು ಅಂಚೆಗೆ ಹಾಕಿದ್ದೇನೆ. ನಿನ್ನ ಪಾಲಿನದನ್ನು ನೀನು ಬರಿ.