ತೋಳಿನ ಅಳತೆ

ಭಾನುವಾರ, ಮಧ್ಯಾಹ್ನ

ನನ್ನ ಬಾಬಿನ್ನಿಗೆ,

ಮನೆಯೇನು ಬಸ್ಸಾ, ಹತ್ತಿದವರೆಲ್ಲ ಕೂತ್ಕೊಳ್ಳೋಕೆ, ಎಂದು ನೀನು ಹೇಳಿದ್ದೋ, ಅಥವಾ ನಾನೇ ನಿನ್ನ ಬಾಯಲ್ಲಿ ಆ ಮಾತು ಇಟ್ಟು ನೆನಪು ಮಾಡಿಕೊಳ್ಳುತ್ತಿದ್ದೇನೋ, ಈಗ ಸರಿಯಾಗಿ ತಿಳಿಯದು. ಫೋನು ಇಡುವ ಮುಂಚೆ ಆಡಿದ ಮಾತು. ಅದರ ಹಿಂದೆಯೇ ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ: “ಏನ್ ಬೇಕಾದ್ರೂ ಬಿಸಾಕು, ಅಪ್ಪನ ಕೋಟು ಮಾತ್ರ ಮುಟ್ಟಬೇಡ. ಗುಂಡುಸೂಜಿ ಸಮೇತ ಹೇಗಿದ್ಯೋ ಹಾಗೇ ಇರಲಿ.” ಅಂದಿನಿಂದ ನೀನು ಫೋನು ಮಾಡಿಲ್ಲ. ನಾನು ಮಾಡಿದರೆ ಎತ್ತಿಲ್ಲ. ಫೋನನ್ನು ಎತ್ತದೆ ಇರುವುದು ಸುಲಭ. ಕಾಗದವಾದರೆ ಬಾಗಿಲ ಸಂದಿಯಿಂದ ಒಳಗೆ ಬಂದು ಬಿದ್ದಿರುತ್ತದೆ, ಬಗ್ಗಿ ಎತ್ತಿಕೊಳ್ಳಬೇಕು, ಇಲ್ಲವೇ ತುಳಿದುಕೊಂಡು ಓಡಾಡಬೇಕು. ನೀನು ಕಾಗದ ತುಳಿಯುವವಳಲ್ಲ.

ಮನೆ ಖಾಲಿ ಮಾಡುತ್ತಿದ್ದೇನೆ. ತಿಂಗಳ ಕೊನೆಗೆ ಬೇಕರಿಯ ಮೇಲಿನ ಎರಡು ಕೋಣೆಗೆ ಹೋಗುತ್ತೇವೆ, ನಾನು ಮತ್ತು ಅವತ್ತು ಫೋನಿನಲ್ಲಿ ಹೇಳಿದ ಬಸ್ ಡ್ರೈವರು. ಮೊದಲು ಬರೀ ನಾನು ಹೋಗುವುದಾಗಿ ಬರೆದಿದ್ದೆ. ಹೊಡೆದುಹಾಕಿದ ಗುರುತು ನಿನಗೆ ಕಾಣುತ್ತದೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಬೇಡವೆನಿಸಿತು.

ಸಾಮಾನು ಇಷ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ಮುಚ್ಚಳವಿಲ್ಲದ ಡಬ್ಬಿಗಳು ಒಂದು ಕಪಾಟಿನಲ್ಲಿ, ಡಬ್ಬಿಗಳಿಲ್ಲದ ಮುಚ್ಚಳಗಳು ಇನ್ನೊಂದರಲ್ಲಿ, ಇಷ್ಟು ವರ್ಷ ಗೋಡೆಯ ಆಚೆ ಈಚೆ ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಇದ್ದವು. ಹೊರಗೆ ತೆಗೆದು ಜೋಡಿಸಿ ನೋಡಿದೆ, ಒಂದಕ್ಕೊಂದು ಕೂಡಲಿಲ್ಲ. ದರ್ಜಿಯ ಕೆಲಸದಲ್ಲಿ ಎಸೆಯುವುದನ್ನು ಯಾರೂ ಕಲಿಸುವುದಿಲ್ಲ. ಅಂಗೈಯಗಲದ ಚಿಂದಿ ಇವತ್ತು ಕಸ, ನಾಳೆ ಯಾರದೋ ಮೊಣಕೈಗೆ ತೇಪೆ. ‘ಇರಲಿ’ ಎಂಬ ಒಂದೇ ಮಾತಿನ ಮೇಲೆ ನಮ್ಮ ಮನೆ ನಿಂತಿತ್ತು. ನಾನು ಇರಲಿ ಎನ್ನುತ್ತಿದ್ದೆ, ನಿನ್ನ ಅಪ್ಪ ತಮ್ಮ ಕೆಲಸದ ಕೋಲ್ಡ್ ಸ್ಟೋರೇಜಿನಿಂದ ಇನ್ನೊಂದು ಖಾಲಿ ಪೆಟ್ಟಿಗೆ ಹೊತ್ತು ತರುತ್ತಿದ್ದರು. ಇಬ್ಬರಲ್ಲಿ ಯಾರಿಗೂ ಇನ್ನೊಬ್ಬರನ್ನು ಬೈಯುವ ಮುಖವಿರಲಿಲ್ಲ.

ಡ್ರೈವರಿಗೆ ಬೇರೆ ಪದ್ಧತಿ ಇದೆ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಅವರು ಬಸ್ಸಿನ ಹಿಂದಿನ ಸೀಟಿನ ತನಕ ನಡೆದು, ಜನ ಮರೆತುಬಿಟ್ಟು ಹೋದದ್ದನ್ನು ಎತ್ತಿಡುತ್ತಾರೆ. ಕೊಡೆ, ಒಂಟಿ ಕೈಗವಸು, ಅರ್ಧ ತಿಂದ ಬನ್ನು. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತಾರಂತೆ: ಇದನ್ನು ಹುಡುಕಿಕೊಂಡು ಯಾರಾದರೂ ಬರುತ್ತಾರಾ? ಬರುತ್ತಾರೆ ಅನ್ನಿಸಿದರೆ ಡಿಪೋದ ಕಪಾಟಿಗೆ, ಇಲ್ಲದಿದ್ದರೆ ಬುಟ್ಟಿಗೆ. ಬೆಲೆ ನೋಡುವುದಿಲ್ಲ. ಒಮ್ಮೆ ಒಳ್ಳೆಯ ಚರ್ಮದ ಬೆಲ್ಟನ್ನು ಬುಟ್ಟಿಗೆ ಹಾಕಿ, ಕಿವಿ ಹರಿದ ಬಟ್ಟೆಯ ಮೊಲವನ್ನು ಎತ್ತಿಟ್ಟಿದ್ದರಂತೆ. ಮೊಲಕ್ಕಾಗಿ ಮಾರನೆಯ ದಿನ ಬೆಳಿಗ್ಗೆ ಒಂದು ಕುಟುಂಬವೇ ಬಂದು ನಿಂತಿತ್ತು.

ಅದೇ ಪ್ರಶ್ನೆಯನ್ನು ನಮ್ಮ ಮನೆಗೆ ತಂದರು. ನನ್ನ ಕೈಯಿಂದ ಏನೂ ಬಿಡಲಾಗದು ಎಂದು ಮೊದಲ ದಿನವೇ ತಿಳಿದುಹೋಗಿತ್ತು. ಹಾಗಾಗಿ ಒಪ್ಪಂದ: ಅವರು ಎತ್ತಿ ತೋರಿಸುವುದು, ನಾನು ಹೂಂ ಅಥವಾ ಊಹೂಂ ಎನ್ನುವುದು. ಬೀಗವಿಲ್ಲದ ಕೀಲಿಗಳ ಡಬ್ಬಿ ಊಹೂಂ. ಕಾಲು ಮುರಿದ ಸ್ಟೂಲು ಊಹೂಂ. ನಿನ್ನ ಮೊದಲ ಶಾಲೆಯ ಬೂಟು ಬಂದಾಗ ನಾನು ಅದರ ಲೇಸು ಕಟ್ಟಲು ಕೂತೆ. ಅವರು ಅದನ್ನು ಇಟ್ಟುಕೊಳ್ಳುವ ರಾಶಿಗೆ ಹಾಕಿದರು. ನೀನು ಮಣ್ಣಿನಲ್ಲಿ ಮಾಡಿದ್ದ ಕತ್ತೆಯನ್ನು ನನ್ನನ್ನು ಕೇಳದೆಯೇ ಇಟ್ಟುಕೊಂಡರು. ಅದು ಕತ್ತೆ ಎಂದು ಹೇಳಿದ್ದಕ್ಕೆ, ತಾನು ಇಷ್ಟು ಹೊತ್ತು ಬಸ್ಸು ಅಂದುಕೊಂಡಿದ್ದೆ, ಅದಕ್ಕೇ ಸ್ವಲ್ಪ ಅಭಿಮಾನ ಬಂದಿತ್ತು ಎಂದರು.

ಬಾಬಿನ್ನು ಎಂದು ನಿನಗೆ ಹೆಸರು ಬಂದ ಕಥೆಯನ್ನೂ ಆಗಲೇ ಕೇಳಿದರು. ದಾರದ ಬಾಬಿನ್ನಿನ ಹಾಗೆ ಮಷೀನಿನ ಕೆಳಗೆ ಉರುಳಿಹೋಗಿ ಕೂತು, ಕೂಗಿದರೆ ಓ ಎನ್ನದ ಮಗು ಎಂದೆ. ಆಮೇಲೆ ಹೇಗೆ ಸಿಗುತ್ತಿದ್ದಳು ಎಂದು ಕೇಳಿದರು. ಸಿಗುತ್ತಿರಲಿಲ್ಲ, ನಾವು ಹುಡುಕುವುದು ನಿಲ್ಲಿಸಿದ ಮೇಲೆ ತಾನೇ ಬರುತ್ತಿದ್ದಳು ಎಂದೆ.

ಈಗ ಕೋಟಿನ ವಿಷಯ. ಇಷ್ಟು ಹೊತ್ತು ಡಬ್ಬಿ ಮುಚ್ಚಳ ಎಂದು ಬರೆದದ್ದು ಇಲ್ಲಿಗೆ ಬರಲು ತಡಮಾಡುವುದಕ್ಕೇ ಎಂದು ನಿನಗೆ ಹೊಳೆದಿರಬೇಕು.

ಅದು ಮಷೀನಿನ ಪಕ್ಕದ ಸ್ಟ್ಯಾಂಡಿನಲ್ಲೇ ಇತ್ತು, ನೀನು ನೋಡಿದ ಹಾಗೆಯೇ. ತೋಳುಗಳ ಮೇಲೆ ನಾನು ಎಳೆದ ಸೀಮೆಸುಣ್ಣದ ಗೆರೆ, ಗೆರೆಯ ಉದ್ದಕ್ಕೂ ಗುಂಡುಸೂಜಿಗಳು. ನಿನ್ನ ಅಪ್ಪ ಆಸ್ಪತ್ರೆಗೆ ಹೋಗಿ ತಿರುಗಿ ಬಾರದ ಆ ವಾರ ಹೇಗಿತ್ತೋ ಹಾಗೇ. ಧೂಳು ಕೊಡವುವಾಗ ಕೂಡ ನಾನು ಗೆರೆ ಅಳಿಯದಂತೆ ಸುತ್ತ ಕೊಡವುತ್ತಿದ್ದೆ. ಶುಕ್ರವಾರ ಡ್ರೈವರಿಗೆ ಮಧ್ಯಾಹ್ನದ ಮೇಲೆ ಡ್ಯೂಟಿ. ಬೆಳಿಗ್ಗೆ ನಾನು ಬೇಕರಿ ಮನೆಯ ಅಳತೆ ತೆಗೆಯಲು ಹೋಗಿದ್ದಾಗ, ಅವರು ಇಲ್ಲಿ ಗಿರಾಕಿಗಳ ಬಟ್ಟೆಯನ್ನೆಲ್ಲ ಒಟ್ಟುಮಾಡಿ ಅಂಗಡಿಗೆ ಮುಟ್ಟಿಸಿದರು. ಗುಂಡುಸೂಜಿ ಚುಚ್ಚಿರುವುದು, ಗೆರೆ ಹಾಕಿರುವುದು ಎಲ್ಲ ಗಿರಾಕಿಗಳದ್ದು ಎಂದು ಅವರಿಗೆ ಹೇಳಿಕೊಟ್ಟವಳು ನಾನೇ. ಕೋಟೂ ಹೋಯಿತು. ಹುಡುಕಿಕೊಂಡು ಯಾರೋ ಬಂದೇ ಬರುತ್ತಾರೆ, ಚಳಿ ಬೇರೆ ಶುರುವಾಗಿದೆ, ಎಂದು ಅದನ್ನು ಎಲ್ಲದರ ಮೇಲೆ ಇಟ್ಟುಕೊಂಡು ಹೋದರಂತೆ.

ಅಂಗಡಿಯಲ್ಲಿ ಗುಂಡಿ ಅಕ್ಕ ಇದ್ದಳು. ನಿನಗೆ ಅವಳು ಗೊತ್ತು, ಗುಂಡಿ ಕಾಜದ ಕೆಲಸಕ್ಕೆ ಬಂದವಳು ಈಗ ನನ್ನ ಜೊತೆ ಅರ್ಧ ಅಂಗಡಿ ನಡೆಸುತ್ತಾಳೆ. ಅವಳ ಕಣ್ಣಿಗೆ ಗೆರೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ನಾನು ಸಂಜೆ ಹೋದಾಗ ಕೋಟು ಸಿದ್ಧವಾದ ಬಟ್ಟೆಗಳ ಸಾಲಿನಲ್ಲಿ ತೂಗುತ್ತಿತ್ತು. ತೋಳು ಮಡಿಸಿ ಹೊಲಿದಾಗಿತ್ತು, ಇಸ್ತ್ರಿ ಆಗಿತ್ತು. ಗುಂಡುಸೂಜಿಗಳು ಅವಳ ಡಬ್ಬಿಯಲ್ಲಿ ಉಳಿದ ಗುಂಡುಸೂಜಿಗಳ ಜೊತೆ ಬೆರೆತುಹೋಗಿದ್ದವು.

ನಾನು ಬಹಳ ಹೊತ್ತು ಅದನ್ನು ನೋಡುತ್ತ ನಿಂತಿದ್ದೆನಂತೆ. ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದೇನೆ ಎಂದು ಗುಂಡಿ ಅಕ್ಕನಿಗೆ ಸಿಟ್ಟು ಬಂತು. “ಏನು, ಸೊಟ್ಟಗಿದ್ಯಾ? ಕನ್ನಡಕ ಹಾಕ್ಕೊಂಡು ನೋಡು ತಾಯಿ.” ಅದು ಯಾರ ಕೋಟು ಎಂದು ಹೇಳಿದೆ. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಆಮೇಲೆ ತಾನಾಗಿಯೇ ಎದ್ದು ತೋಳಿನ ಒಳಗನ್ನು ಹೊರಳಿಸಿ ತೋರಿಸಿದಳು. ಕತ್ತರಿ ಹಾಕಿರಲಿಲ್ಲ. ಅಷ್ಟೂ ಬಟ್ಟೆ ಒಳಗೆ ಮಡಿಸಿಕೊಂಡಿತ್ತು. ನಮ್ಮಿಬ್ಬರ ಅಂಗಡಿಯಲ್ಲಿ ಮೊದಲಿನಿಂದಲೂ ಅದೇ ಪದ್ಧತಿ: ಚಿಕ್ಕದು ಮಾಡಿ ಎಂದು ಯಾರು ಎಷ್ಟೇ ಹೇಳಲಿ, ಒಳಗೆ ಬಟ್ಟೆ ಉಳಿಸಿಯೇ ಹೊಲಿಯುತ್ತೇವೆ. ಮನುಷ್ಯರು ಒಂದೇ ಅಳತೆಯಲ್ಲಿ ಇರುವುದಿಲ್ಲ.

ಅಳು ಬರಬೇಕಿತ್ತು ಎಂದು ಕಾದೆ. ಬಂದದ್ದು ಬೇರೆ ಏನೋ. ಎಷ್ಟೋ ವರ್ಷ ಭುಜದ ಮೇಲಿದ್ದ ಕೈಯನ್ನು ಯಾರೋ ಮೆಲ್ಲಗೆ ತೆಗೆದ ಹಾಗೆ. ಕೈ ಬೇಡವಾಗಿತ್ತೆಂದಲ್ಲ, ಭುಜ ಮರಗಟ್ಟಿದ್ದು ಆಗಲೇ ತಿಳಿದದ್ದು.

ಡ್ರೈವರಿಗೆ ಹೇಳದೇ ಇರಬಹುದಿತ್ತು. ಹೇಳಿದೆ. ಆ ಮನುಷ್ಯ ಕ್ಷಮೆ ಕೇಳುವುದರಲ್ಲಿ ಜಾಣರಲ್ಲ. ಎದ್ದು ಹೋಗಿ, ನಮ್ಮ ಇಟ್ಟುಕೊಳ್ಳುವ ರಾಶಿಯ ಪಕ್ಕ ತಂದಿರಿಸಿದ್ದ ತಮ್ಮ ಸೂಟ್‌ಕೇಸನ್ನು ಬಾಗಿಲ ಕಡೆಗೆ ಸರಿಸಿದರು. ಅವರದು ಅಂತ ಇರುವುದು ಅಷ್ಟೇ: ಒಂದು ಸೂಟ್‌ಕೇಸು, ಮತ್ತೆ ತಾವು ಓಡಿಸಿದ ಮೊದಲ ಬಸ್ಸಿನ ಕನ್ನಡಿ, ಹಿಂದೆ ಬರುವವರನ್ನು ತೋರಿಸುವಂಥದ್ದು. “ನಿಮ್ಮ ಮಗಳು ಮೊದಲು ಬರಲಿ, ನಾನು ಆಮೇಲೆ ಬರ್ತೀನಿ. ನಂಗೇನು, ಡಿಪೋ ಪಕ್ಕದ ರೂಮಿದೆ,” ಎಂದರು. ನಾನು ಸೂಟ್‌ಕೇಸನ್ನು ಮತ್ತೆ ಒಳಗೆ ಎಳೆದೆ. ಅವರು ಮತ್ತೆ ಸರಿಸಿದರು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಹಿಡಿಕೆ ಕಿತ್ತುಬಂತು. ಇಬ್ಬರೂ ಅದನ್ನು ನೋಡಿ ನಕ್ಕೆವು, ನನಗೆ ಆಶ್ಚರ್ಯವಾಗುವಷ್ಟು. ಈಗ ಅದು ರಿಪೇರಿಗೆ ಹೋಗಿದೆ, ಹಾಗಾಗಿ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ.

ಅವರಿಗಾಗಿ ವಕೀಲಿ ಮಾಡುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನ ಅಪ್ಪನ ಜಾಗದಲ್ಲಿ ಯಾರೂ ಕೂರುತ್ತಿಲ್ಲ. ಆ ಕುರ್ಚಿಯನ್ನು ನಾನು ಮಾರಿಬಿಟ್ಟೆ, ನೀನು ಅದನ್ನೂ ತಿಳಿದಿರುವುದು ಒಳ್ಳೆಯದು. ಹೊಸ ಮನೆಯಲ್ಲಿ ಎಲ್ಲರಿಗೂ ಹೊಸ ಜಾಗವೇ. ಕಿಟಕಿ ಪೂರ್ವಕ್ಕಿದೆ. ಬೆಳಿಗ್ಗೆ ಮಷೀನಿನ ಸೂಜಿಗೆ ದೀಪ ಹಾಕದೆ ದಾರ ಪೋಣಿಸಬಹುದು. ಕೆಳಗಿನ ಒಲೆಯ ಬಿಸಿ ನೆಲಕ್ಕೆ ಬರುತ್ತದೆ, ಬರಿಗಾಲಲ್ಲಿ ನಿಂತು ನೋಡಿದೆ. ಎರಡನೆಯ ಕೋಣೆಗೆ ಒಂದು ಮಂಚ ಹಿಡಿಯುತ್ತದೆ, ಅದರ ತಲೆದಿಂಬಿನ ಕಡೆ ಕತ್ತೆಯನ್ನು ಇಡುವಷ್ಟು ಜಾಗವಿದೆ. ಆ ಕೋಣೆಗೆ ಬೇರೆ ಏನನ್ನೂ ಹಾಕಿಲ್ಲ. ಖಾಲಿ ಇರುವ ಜಾಗವನ್ನು ಕಂಡರೆ ಏನಾದರೂ ತುಂಬಬೇಕೆನ್ನುವ ನನ್ನ ಕೈ ಇದೊಂದು ಕಡೆ ತಡೆದು ನಿಂತಿದೆ.

ಹುಷಾರಾಗಿರು. ಅಲ್ಲಿನ ಚಳಿಯ ವಿಷಯ ರೇಡಿಯೋದಲ್ಲಿ ಹೇಳುತ್ತಿರುತ್ತಾರೆ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಹಾಳೆಯ ಮೇಲೆ ಜಾಗ ಬಿಟ್ಟುಕೊಂಡೇ ಬರೆಯುತ್ತಿದ್ದೆ. ಆ ಗೆರೆ ಅಪ್ಪನ ತೋಳಿಗೆ ಹಾಕಿದ್ದಲ್ಲ. ನಿನಗೆ ಆ ಚಳಿಯ ಊರಿನಲ್ಲಿ ಕೆಲಸ ಸಿಕ್ಕಿತಲ್ಲ, ಅವತ್ತು ಸಂಜೆ ಅಪ್ಪ ಕೋಟು ಬಿಚ್ಚಿ ನನ್ನ ಮಷೀನಿನ ಮೇಲೆ ಹಾಕಿ, “ಇದನ್ನ ಅವಳ ಅಳತೆಗೆ ಮಾಡು, ಹೋಗೋ ದಿನ ಕೊಡೋಣ, ಈಗಲೇ ಬಾಯಿ ಬಿಡಬೇಡ,” ಎಂದಿದ್ದರು. ನೀನು ಮಲಗಿದ್ದಾಗ ತೋಳಿನ ಅಳತೆ ತೆಗೆದಿದ್ದೆ. ಅಷ್ಟರಲ್ಲಿ ಆಸ್ಪತ್ರೆ. ಆಮೇಲೆ ನೀನು ಆ ಗುಂಡುಸೂಜಿಗಳನ್ನು ನೋಡಿ, ಅಪ್ಪ ಸೊರಗಿದ್ದಕ್ಕೆ ತೋಳು ಚಿಕ್ಕದು ಮಾಡಿಸಿಕೊಳ್ಳುತ್ತಿದ್ದರು ಎಂದುಕೊಂಡೆ. ನಿನಗೆ ಹಿಡಿದುಕೊಳ್ಳಲು ಏನೋ ಒಂದು ಬೇಕಿತ್ತು. ನನಗೂ. ಹೊಲಿದು ಮುಗಿಸಿದರೆ ಅವರ ಕೆಲಸ ಮುಗಿದುಹೋಗುತ್ತದೆ ಎಂದು ಇಬ್ಬರೂ ಅದನ್ನು ಹಾಗೇ ಬಿಟ್ಟೆವು.

ಕೋಟು ಈಗ ಹೊಸ ಮನೆಯಲ್ಲಿದೆ, ಮೊದಲು ಹೋದ ಸಾಮಾನು ಅದೇ. ಬಾಗಿಲ ಹಿಂದಿನ ಮೊಳೆಯಲ್ಲಿ ನೇತುಹಾಕಿದ್ದೇನೆ, ಡ್ರೈವರ ಕನ್ನಡಿಯ ಪಕ್ಕ. ನೀನು ಮೊದಲಿಗಿಂತ ಮೈ ತುಂಬಿಕೊಂಡಿದ್ದರೆ ಭುಜದಲ್ಲಿ ಬಿಡಿಸಬಹುದು, ಅಲ್ಲೂ ಒಳಗೆ ಬಟ್ಟೆ ಇದೆ. ಇದ್ದ ಹಾಗೇ ಬೇಕೆಂದರೆ ಹೊಲಿಗೆ ಬಿಚ್ಚಿ ಮತ್ತೆ ಗುಂಡುಸೂಜಿ ಚುಚ್ಚಬಹುದು, ಅದಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ಭುಜದ ಅಳತೆಯನ್ನು ಕಾಗದದಲ್ಲಿ ಬರೆದು ಕಳಿಸಿದರೆ ನಡೆಯುವುದಿಲ್ಲ, ಅದನ್ನು ಎದುರಿಗೆ ನಿಲ್ಲಿಸಿಕೊಂಡೇ ತೆಗೆಯಬೇಕು.

ನಿನ್ನೆ ಮೊಳೆ ಹೊಡೆದು ಇಳಿಯುತ್ತ ಡ್ರೈವರು ತಮ್ಮ ಎಂದಿನ ಪ್ರಶ್ನೆ ಕೇಳಿದರು, ಇದನ್ನ ಹುಡ್ಕೊಂಡು ಯಾರಾದ್ರೂ ಬರ್ತಾರಾ ಎಂದು. ಕೇಳಿ ಹೇಳುತ್ತೇನೆ ಎಂದಿದ್ದೇನೆ. ಏನು ಹೇಳಲಿ, ಮಗಳೇ?